ಹುಡುಕಿದ್ದಕ್ಕೂ ಕೂಲಿ ಕೊಡಿ

ನಮ್ಮದು 2004ರ ಮಾರುತಿ ಝೆನ್. ಧಾರವಾಡದಲ್ಲಿ ಅಪ್ಪ ಓಡಿಸುತ್ತಿದ್ದ ಗಾಡಿ. ಅವರ ಕಣ್ಣು ಮಂಜಾದ ಮೇಲೆ ನಾನು ಪುಣೆಗೆ ತಂದೆ. ಮಾರಿಬಿಡು ಅಂತ ಹೇಳುವವರು ಬಹಳ ಜನ. ನನಗೆ ಮನಸ್ಸಿಲ್ಲ.

ಈ ಮಳೆಗಾಲದಲ್ಲಿ ಅದಕ್ಕೊಂದು ಸದ್ದು ಹತ್ತಿಕೊಂಡಿತು. ವಾರ್ಜೆಯಲ್ಲಿ ನಮ್ಮ ಸೊಸೈಟಿಯ ಗೇಟಿನ ಹತ್ತಿರ ಬಲಕ್ಕೆ ಪೂರ್ತಿ ತಿರುಗಿಸಿದರೆ ಮುಂದಿನಿಂದ ಕಟ್ ಕಟ್ ಕಟ್. ಸ್ಟೇರಿಂಗ್ ನೇರ ಮಾಡಿದರೆ ಮಾಯ. ಅದರ ಜೊತೆಗೆ ಹೈವೇಯಲ್ಲಿ 80 ದಾಟಿದರೆ ಸ್ಟೇರಿಂಗ್ ನಡುಗುತ್ತಿತ್ತು. ಗಣೇಶನ ಹಬ್ಬಕ್ಕೆ ಊರಿಗೆ ಹೋಗಬೇಕು. ಧಾರವಾಡ ಅಂದರೆ ನಾನೂರು ಕಿಲೋಮೀಟರಿಗೂ ಜಾಸ್ತಿ, ನಡುವೆ ಖಂಬಾಟ್ಕಿ ಘಾಟ್ ಬೇರೆ. ಹಿಂದೆ ಅಪ್ಪ, ಅಮ್ಮ ಕೂತಿರುತ್ತಾರೆ.

ಮೊದಲು ಒಂದು ದೊಡ್ಡ ಗ್ಯಾರೇಜಿಗೆ ಹೋದೆ. ಅಲ್ಲಿಯ ಹುಡುಗ ಗಾಡಿಯೊಳಗೆ ಕೂರಲೇ ಇಲ್ಲ. ನಾನು ಹೇಳಿದ್ದನ್ನು ಕೇಳಿಸಿಕೊಂಡ, "ದೋನ್ಹೀ ಎಕ್ಸಲ್ ಗೇಲೇತ" ಅಂದ. ಗೇರ್‌ಬಾಕ್ಸಿನಿಂದ ಮುಂದಿನ ಚಕ್ರಗಳನ್ನು ತಿರುಗಿಸುವ ಎರಡೂ ಡ್ರೈವ್ ಶಾಫ್ಟ್ ಹೋಗಿವೆ ಅಂತ. 14,500 ರೂಪಾಯಿ ಎಸ್ಟಿಮೇಟ್ ಕೈಗೆ ಬಂತು. ನಡುಕವೂ ಅದರಿಂದಲೇ ಹೋಗುತ್ತೆ ಅಂದರು. ಎರಡು ವರ್ಷದ ಹಿಂದೆ ಗುಂಯ್ ಅನ್ನುವ ಸದ್ದಿಗೆ ಹೀಗೇ ಒಂದು ಕಡೆ ವೀಲ್ ಬೇರಿಂಗ್ ಹಾಕಿಸಿದ್ದೆ. ಆಮೇಲೆ ನೋಡಿದರೆ ಸದ್ದು ಒಂದೇ ಕಡೆ ಸವೆದಿದ್ದ ಟೈರಿನದು. ಆ ನೋವು ಇನ್ನೂ ಇತ್ತು. ಎಸ್ಟಿಮೇಟ್ ಮಡಚಿ ಜೇಬಿಗೆ ಹಾಕಿಕೊಂಡು ಹೊರಟೆ.

ಕನ್ನಡದ ಗೆಳೆಯರೊಬ್ಬರು ಸಿಂಹಗಡ ರಸ್ತೆಯ ಕಡೆ ಒಬ್ಬ ಮೆಕ್ಯಾನಿಕ್ ಇದ್ದಾರೆ ಅಂದರು. ಇಂಡಿ ತಾಲ್ಲೂಕಿನವರು. ತಗಡಿನ ಶೆಡ್ಡು, ಒಬ್ಬ ಹುಡುಗ, ಅಷ್ಟೇ. ಹೋದ ಕೂಡಲೇ ಕೀಲಿ ಇಸಿದುಕೊಂಡರು. "ಬರ್ರಿ ಸರ, ಕೂಡ್ರಿ. ಕಿಟಕಿ ಇಳಸ್ರಿ. ಮಾತಾಡಬ್ಯಾಡ್ರಿ" ಅಂದರು.

ಒಂದು ಖಾಲಿ ಜಾಗದಲ್ಲಿ ಸ್ಟೇರಿಂಗ್ ಬಲಕ್ಕೆ ಕೊನೆತನಕ ತಿರುಗಿಸಿ ನಿಧಾನ ಸುತ್ತು ಹಾಕಿದರು. ಕಟ್ ಕಟ್. ಎಡಕ್ಕೆ ತಿರುಗಿಸಿದರು, ಸದ್ದಿಲ್ಲ. ರಿವರ್ಸ್‌ನಲ್ಲೂ ಎರಡೂ ಕಡೆ ನೋಡಿದರು. ಬಲಕ್ಕೆ ತಿರುಗುವಾಗ ಭಾರ ಎಡಗಡೆಯ ಚಕ್ರದ ಮೇಲೆ ಬೀಳುತ್ತದೆ. ಹಾಗಾಗಿ ಸಾಮಾನ್ಯವಾಗಿ ಅದು ಎಡ ಶಾಫ್ಟಿನ ಹೊರಗಡೆಯ, ಅಂದರೆ ಚಕ್ರದ ಕಡೆಯ ಜಾಯಿಂಟ್. ಆಮೇಲೆ ಹೈವೇಗೆ ತೆಗೆದುಕೊಂಡು ಹೋದರು. ಏರಿನಲ್ಲಿ ಜೋರಾಗಿ ಎಕ್ಸಲರೇಟರ್ ಒತ್ತಿದರು, ಗಾಡಿ ಅದುರಲಿಲ್ಲ. ಒಳಗಡೆಯ, ಅಂದರೆ ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ಸವೆದಿದ್ದರೆ ಹೀಗೆ ಎಳೆಯುವಾಗ ಗಾಡಿ ಅದುರುತ್ತೆ, ಕಾಲು ತೆಗೆದರೆ ನಿಲ್ಲುತ್ತೆ. ನಮ್ಮ ಗಾಡಿಯಲ್ಲಿ 80ರ ಮೇಲೆ ಎಕ್ಸಲರೇಟರ್ ಒತ್ತಿದರೂ ನಡುಕ, ಬಿಟ್ಟರೂ ನಡುಕ. "ಇದು ಶಾಫ್ಟ್ ಅಲ್ರೀ, ಚಕ್ರದ್ದು" ಅಂದರು. ವಾಪಸ್ ಬಂದು ನೋಡಿದರೆ ಚಕ್ರ ಸಮವಾಗಿ ತಿರುಗಲಿ ಅಂತ ರಿಮ್ಮಿಗೆ ಹಾಕುವ ಬ್ಯಾಲೆನ್ಸಿಂಗ್ ತೂಕ ಬಲ ಮುಂದಿನ ಚಕ್ರದಿಂದ ಉದುರಿಹೋಗಿತ್ತು. ಎರಡೂ ಶಾಫ್ಟ್ ಹಾಕಿಸಿದ್ದರೂ ಆ ನಡುಕ ಹಾಗೇ ಇರುತ್ತಿತ್ತು. ಇದನ್ನು ತಿಳಿಯಲು ಹಿಡಿದದ್ದು ಅರ್ಧ ಗಂಟೆ. ಬಿಚ್ಚಿದ್ದು ಏನೂ ಇಲ್ಲ.

ಈ ಜಾಯಿಂಟಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಅದು ಅಷ್ಟು ಚೆಂದದ ವಸ್ತು. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ನೆನಪಿದೆ ಅಲ್ವಾ? ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ. ಅದರಲ್ಲಿ ಎಂಜಿನ್ ತಿರುಗಿಸುತ್ತಿದ್ದದ್ದು ಹಿಂದಿನ ಚಕ್ರ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಅದು ಬಾಗಲು ಕ್ರಾಸ್ ಅನ್ನುವ ಕೂಡಿಕೆಯ ಜಾಯಿಂಟ್. ಕ್ರಾಸ್ ಸವೆದರೆ ಕ್ಲಚ್ ಬಿಡುವಾಗ ಟಣ್ ಅನ್ನುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮುಂದಿನ ಚಕ್ರವೇ ಎಳೆಯುವ ಗಾಡಿ ಮನೆಮನೆಗೆ ಬಂತು. ಇಲ್ಲಿ ಚಕ್ರ ಎಳೆಯಲೂ ಬೇಕು, ಪಕ್ಕಕ್ಕೆ ತಿರುಗಲೂ ಬೇಕು, ಗುಂಡಿಯಲ್ಲಿ ಏರಿಳಿಯಲೂ ಬೇಕು. ಒಂದು ಕ್ರಾಸ್‌ನಿಂದ ಇದು ಆಗದು. ಶಾಫ್ಟ್ ಓರೆಯಾದಾಗ ಕ್ರಾಸ್ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಹೆಚ್ಚು ಕಡಿಮೆ ಮಾಡುತ್ತದೆ. ಸ್ಟೇರಿಂಗ್ ಕೈಯಲ್ಲಿ ಜಗ್ಗುತ್ತದೆ. ಫೋರ್ಡ್ ಕಂಪನಿಯಲ್ಲಿದ್ದ ಆಲ್ಫ್ರೆಡ್ ರ್ಜೆಪ್ಪಾ ಎಂಬ ಇಂಜಿನಿಯರ್ 1920ರ ದಶಕದಲ್ಲಿ ಇದಕ್ಕೊಂದು ದಾರಿ ಕಂಡುಹಿಡಿದರು. ಒಂದು ಬಟ್ಟಲು, ಅದರೊಳಗೆ ಬಾಗಿದ ತೋಡುಗಳು, ಆ ತೋಡುಗಳಲ್ಲಿ ಆರು ಉಕ್ಕಿನ ಗುಂಡು. ಶಾಫ್ಟ್ ಎಷ್ಟೇ ಬಾಗಿದರೂ ಗುಂಡುಗಳು ಎರಡೂ ಕಡೆಯ ಕೋನದ ನಟ್ಟನಡುವೆ ನಿಲ್ಲುತ್ತವೆ. ವೇಗ ಏರಿಳಿಯುವುದಿಲ್ಲ. 1959ರಲ್ಲಿ ಇಂಗ್ಲೆಂಡಿನ ಮಿನಿ ಕಾರಿಗೆ ಇದನ್ನು ಹಾಕಿದರು. ಇವತ್ತು ನಮ್ಮ ಝೆನ್ನಿನಲ್ಲಿರುವುದೂ ಅದೇ ಬಗೆಯದು. ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ, ಅಂದರೆ ಒಂದೇ ವೇಗದ) ಜಾಯಿಂಟ್ ಅನ್ನುತ್ತೇವಲ್ಲ, ಇದೇ.

ಅದನ್ನು ಕಾಯುವುದು ಮಡಿಕೆ ಮಡಿಕೆಯಾದ ಒಂದು ರಬ್ಬರ್ ಬೂಟು ಮತ್ತು ಒಳಗಿನ ಕರಿ ಗ್ರೀಸು. ಬೂಟು ಹರಿದರೆ ತಿರುಗುವ ರಭಸಕ್ಕೆ ಗ್ರೀಸು ಹೊರಗೆ ಚಿಮ್ಮುತ್ತದೆ. ಕೆಸರು ನೀರು, ಮರಳು ಒಳಗೆ ಹೋಗುತ್ತದೆ. ಪುಣೆಯ ಮಳೆ, ನಮ್ಮ ರಸ್ತೆಯ ಗುಂಡಿ, ಕೇಳಬೇಕೇ.

ಗಾಡಿ ಎತ್ತಿ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿದಾಗ ಅವರು ನನ್ನನ್ನು ಕರೆದು ತೋರಿಸಿದರು. ಎಡಗಡೆ ರಿಮ್ಮಿನ ಒಳಮೈಗೆಲ್ಲ ಕರಿ ಗ್ರೀಸಿನ ಚುಕ್ಕೆ, ಅದರ ಮೇಲೆ ಧೂಳು ಕೂತು ಗಟ್ಟಿಯಾಗಿತ್ತು. ಬೂಟಿನ ಎರಡನೇ ಮಡಿಕೆ ಬಾಯಿ ತೆರೆದಿತ್ತು. ಒಳಗಿನ ಗ್ರೀಸು ತೆಗೆದು ನನ್ನ ಬೆರಳಿಗೆ ಹಚ್ಚಿದರು. ಬೆರಳು ಉಜ್ಜಿದರೆ ರವೆಯ ಹಾಗೆ ಜರಜರ ಅಂತು. ಶಾಫ್ಟ್ ಇಳಿಸಿ ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಓರೆ ಮಾಡಿ ಒಂದೊಂದೇ ಗುಂಡು ಬೆಳಕಿಗೆ ಹಿಡಿದರು. ಗುಂಡು ಓಡುವ ತೋಡಿನಲ್ಲಿ ಉಗುರು ಆಡಿಸಿದರು. ಒಂದು ಕಡೆ ಉಗುರು ಸಿಕ್ಕಿಕೊಂಡಿತು. "ಇಲ್ಲಿ ತಗ್ಗು ಬಿದ್ದದರೀ. ಇದಕ್ಕ ಗ್ರೀಸ್ ತುಂಬಿದ್ರ ಉಪಯೋಗಿಲ್ಲ. ನಾಕ್ ದಿನ ಸುಮ್ಮ ಇರತೈತಿ, ಮತ್ತ ಶುರು."

ಬಲಗಡೆಯದು ಬೇರೆ ಕಥೆ. ಬೂಟು ಒಣಗಿ ಸೀಳು ಬಿಟ್ಟಿತ್ತು, ಆದರೆ ಪೂರ್ತಿ ಹರಿದಿರಲಿಲ್ಲ. ಒಳಗೆ ಗ್ರೀಸು ಬೆಣ್ಣೆಯ ಹಾಗೆ ನುಣ್ಣಗಿತ್ತು. ಗುಂಡುಗಳು ಹೊಳೆಯುತ್ತಿದ್ದವು. ಇಪ್ಪತ್ತು ವರ್ಷ ದಾಟಿದ ವಸ್ತು, ಒಂದು ಗೀರಿಲ್ಲ. ಇದನ್ನೂ ಕಿತ್ತು ಎಸೆಯುತ್ತಿದ್ದರು ಅಂತ ನೆನೆದು ನನಗೆ ನಿಜಕ್ಕೂ ಸಂಕಟವಾಯಿತು.

ಗಾಡಿ ಸಾಮಾನಿನ ಅಂಗಡಿಗಳಿರುವ ಪುಣೆಯ ನಾನಾ ಪೇಟೆಗೆ ನಾನೇ ಹೋಗಿ ಸಾಮಾನು ತಂದೆ. ಎಡಕ್ಕೆ ಹೊಸ ಶಾಫ್ಟು, ಬಲಕ್ಕೆ ಬೂಟು ಮಾತ್ರ. ಬಣ್ಣ ಹೊಡೆದ ಹಳೆ ಶಾಫ್ಟನ್ನು ಅರ್ಧ ಬೆಲೆಗೆ ಕೊಡುತ್ತೇನೆ ಅಂದ ಒಬ್ಬ, ಬೇಡ ಅಂದೆ. ಒಳಗಿನ ಗುಂಡು ಯಾರು ನೋಡಿದ್ದಾರೆ? ಸೀಳಿ ಅಂಟಿಸುವ ಬೂಟೂ ಸಿಗುತ್ತೆ. ಶಾಫ್ಟ್ ಇಳಿಸುವ ಕೆಲಸ ಉಳಿಯುತ್ತೆ ನಿಜ, ಆದರೆ ಆ ಅಂಟನ್ನು ನಾನು ನಂಬುವುದಿಲ್ಲ.

ಮನೆಯಲ್ಲೇ ಮಾಡುವ ಆಸೆ ಇರುವವರಿಗೆ ಎರಡು ಮಾತು. ಚಕ್ರದ ನಡುವಿನ ದೊಡ್ಡ ನಟ್ಟನ್ನು ಚಕ್ರ ನೆಲದ ಮೇಲಿದ್ದಾಗಲೇ ಸಡಿಲಿಸಬೇಕು. ಅದಕ್ಕೆ ಪಾನಾಗೆ ಉದ್ದ ಪೈಪ್ ಹಾಕಿ ಜೀವ ಬಿಟ್ಟು ಒತ್ತಬೇಕಾಗುತ್ತೆ, ಜ್ಯಾಕಿನ ಮೇಲೆ ಮಾಡಿದರೆ ಗಾಡಿ ಜಾರುತ್ತೆ. ಬರೀ ಜ್ಯಾಕ್ ನಂಬಿ ಕೆಳಗೆ ಮಲಗಲೇಬೇಡಿ. ಶಾಫ್ಟ್ ಎಳೆಯುವ ಮೊದಲು ಗೇರ್ ಆಯಿಲ್ ಇಳಿಸಿ, ಹಾಕುವಾಗ ಆಯಿಲ್ ಸೀಲ್ ಹೊಸದು ಹಾಕಿ. ನಮ್ಮ ಗಾಡಿಗೆ ಹೊರಗಡೆಯ ಬೂಟನ್ನು ಒಳಗಡೆಯ ಜಾಯಿಂಟ್ ಬಿಚ್ಚಿ ಆ ಕಡೆಯಿಂದ ಏರಿಸಿದರು, ಹಾಗಾಗಿ ಎರಡೂ ಬೂಟು ಒಟ್ಟಿಗೇ ಬದಲಾಯಿತು. ಬಿಚ್ಚುವ ಮೊದಲು ಗುರುತು ಹಾಕಿಕೊಂಡರು, ಇದ್ದ ಹಾಗೇ ಕೂರಬೇಕು ಅಂತ. ಗ್ರೀಸು ಬೂಟಿನ ಜೊತೆ ಬರುವ ಪ್ಯಾಕೆಟಿನದೇ ಹಾಕಿ. ಮನೆಯಲ್ಲಿ ಡಬ್ಬಿಯಲ್ಲಿರುವ ಬೇರಿಂಗ್ ಗ್ರೀಸ್ ಬೇಡ.

ಒಟ್ಟು ಬಿಲ್ಲು 7,700 ಆಯಿತು. ಅದರಲ್ಲಿ ಅವರ ಕೂಲಿ 1,500. ಆ ಅರ್ಧ ಗಂಟೆಯ ಲೆಕ್ಕ ಎಲ್ಲಿ ಅಂತ ಕೇಳಿದೆ. "ಅದಕ್ಕೇನ್ರೀ ಸರ, ನೋಡಿದ್ದಕ್ಕ ಯಾರ ರೊಕ್ಕ ಕೊಡ್ತಾರ?" ಅಂದರು.

ಆ ಮಾತು ನನ್ನನ್ನು ಬಿಡುತ್ತಿಲ್ಲ. ತಪ್ಪು ನಮ್ಮದೂ ಇದೆ. ಡಾಕ್ಟರ್ ಕೈ ಹಿಡಿದು ನೋಡಿದರೆ ಫೀಸ್ ಕೊಡುತ್ತೇವೆ. ಮೆಕ್ಯಾನಿಕ್ ಅರ್ಧ ಗಂಟೆ ಕಿವಿಗೊಟ್ಟು ಕೇಳಿ "ಏನೂ ಆಗಿಲ್ಲ" ಅಂದರೆ ಥ್ಯಾಂಕ್ಸ್ ಹೇಳಿ ಗಾಡಿ ಹತ್ತುತ್ತೇವೆ. ಸಾಮಾನು ಬದಲಿಸಿದರೆ ಮಾತ್ರ ಅವನಿಗೆ ದುಡ್ಡು. ಹಾಗಿದ್ದಾಗ ಅವನು ಸಾಮಾನೇ ಬದಲಿಸುತ್ತಾನೆ. ಉಗುರು ಆಡಿಸಿ ನೋಡುವವನಿಗೆ ಹೊಟ್ಟೆ ತುಂಬದಿದ್ದರೆ, ಅವನ ಶೆಡ್ಡಿನ ಹುಡುಗ ಅದನ್ನು ಯಾಕೆ ಕಲಿಯುತ್ತಾನೆ? ನನ್ನ ಹಾಗೆ ಹಳೆ ಗಾಡಿ ಇಟ್ಟುಕೊಂಡವರಿಗೆ ಬೇಕಾದದ್ದೇ ಆ ವಿದ್ಯೆ.

500 ರೂಪಾಯಿ ಬೇರೆಯಾಗಿ ಕೊಟ್ಟೆ, ಹುಡುಕಿದ್ದಕ್ಕೆ ಅಂತ ಹೇಳಿಯೇ ಕೊಟ್ಟೆ. ಬೇಡ ಬೇಡ ಅಂದರು, ಆಮೇಲೆ ತೆಗೆದುಕೊಂಡರು.

ಊರಿಗೆ ಹೋಗಿ ಬಂದೆವು. ಬಂದ ಮೇಲೆ ಬೂಟಿನ ಕ್ಲಿಪ್ ನೋಡಬೇಕು ಬರ್ರಿ ಅಂದಿದ್ದರು, ಹೋದೆ. ಟಾರ್ಚ್ ಹಿಡಿದು ಗಾಡಿಯ ಕೆಳಗೆ ಹುಡುಗನನ್ನು ಕಳಿಸಿದರು. "ಬೂಟಿನ ಸುತ್ತ ಬಟ್ಟಿ ಹಿಡದು ಒರಸು, ಬಟ್ಟಿಗೆ ಗ್ರೀಸ್ ಹತ್ತತೈತೇನು ನೋಡು" ಅಂದರು. ಬಟ್ಟೆ ಒಣಗಿತ್ತು. ಈ ಸಲ ನೂರು ರೂಪಾಯಿ ಆ ಹುಡುಗನ ಕೈಗೆ ಕೊಟ್ಟೆ.