ಇಲಿಗೆ ಮೀಸೆ, ನಮಗೆ 5 ವರ್ಷ

ನನ್ನ ಹಣೆ ಅಗಲವಾಗತೊಡಗಿದ ದಿನಗಳಲ್ಲೇ ಆ ಸುದ್ದಿ ಓದಿದ್ದೆ. ಬೋಳು ತಲೆಗೆ ಜೀವಕೋಶದ ಚಿಕಿತ್ಸೆ ಬರ್ತಾ ಇದೆ, ಇನ್ನೇನು 5 ವರ್ಷ. ಹಣೆ ಈಗ ನೆತ್ತಿ ದಾಟಿ ಹಿಂದಕ್ಕೆ ಹೊರಟಿದೆ. ಆ 5 ವರ್ಷ ಮಾತ್ರ ಇದ್ದಲ್ಲೇ ಇದೆ.

ಇಲಿಗಳ ಅದೃಷ್ಟವೇ ಬೇರೆ. 1984ರಲ್ಲೇ ಜಹೋಡ, ಹಾರ್ನ್, ಆಲಿವರ್ ಎಂಬ ವಿಜ್ಞಾನಿಗಳು ಇಲಿಯ ಮೀಸೆಯ ಬುಡದಿಂದ, ಕೂದಲು ಹುಟ್ಟಿಸುವ ಡರ್ಮಲ್ ಪ್ಯಾಪಿಲ್ಲಾ ಎಂಬ ಕೋಶಗಳನ್ನು ತೆಗೆದು ಲ್ಯಾಬಿನಲ್ಲಿ ಬೆಳೆಸಿದರು. ಬುಡ ಕತ್ತರಿಸಿದ ಮೀಸೆಗೆ ಅವನ್ನು ಸೇರಿಸಿದರು. ಮೀಸೆ ಮತ್ತೆ ಚಿಗುರಿತು. ಮೀಸೆ ಹೋಯ್ತು ಅಂತ ಆ ಇಲಿ ಕನ್ನಡಿ ಮುಂದೆ ಕೊರಗಿದ್ದಕ್ಕೆ ಪುರಾವೆಯಿಲ್ಲ.

ಮನುಷ್ಯರ ಸರದಿ ಬಂದಿದ್ದು 1999ರಲ್ಲಿ. ಅದೇ ಜಹೋಡ ತನ್ನ ತಲೆಯ ಕೂದಲ ಬುಡದ ಪೊರೆಯನ್ನು ಹೆಂಡತಿಯ ತೋಳಿಗೆ ನೆಡಿಸಿದರು. ಹೆಂಡತಿ ಅಮಂಡಾ ರೆನಾಲ್ಡ್ಸ್ ಕೂಡ ವಿಜ್ಞಾನಿಯೇ. ಬೇರೆಯವರ ಕೋಶವಾದರೂ ದೇಹ ತಳ್ಳಿಹಾಕಲಿಲ್ಲ, ಕೂದಲು ಬಂತು. ಗಂಡನಿಂದ ಹೆಂಡತಿಗೆ ಇಷ್ಟು ಖಚಿತವಾಗಿ ತಲುಪಿದ ವಸ್ತು ಇನ್ನೊಂದಿರಲಿಕ್ಕಿಲ್ಲ. ಆದರೆ ತೋಳಿನ ಮೇಲೆ ಕೂದಲು ಬೇಕು ಅಂತ ಕೇಳಿದವರು ಯಾರು?

ತೊಂದರೆ ಇರೋದು ಮನುಷ್ಯರ ಕೋಶಗಳ ಸ್ವಭಾವದಲ್ಲಿ. ಒಂದು ತಲೆಗೆ ಸಾಲುವಷ್ಟು ಬೇಕಲ್ವಾ, ಅದಕ್ಕೆ ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಾರೆ. ಅಲ್ಲಿ ಅವು ಚಪ್ಪಟೆಯಾಗಿ ಹರಡಿಕೊಂಡು, ತಾವು ಕೂದಲ ಬುಡದವರು ಅನ್ನೋದನ್ನೇ ಮರೆಯುತ್ತವೆ. ಸಂಖ್ಯೆ ಜಾಸ್ತಿ ಆಗುತ್ತದೆ, ಕೆಲಸ ನಿಲ್ಲುತ್ತದೆ. (ಇಂಥ ಕಚೇರಿಗಳನ್ನು ನಾವೆಲ್ಲ ನೋಡಿದ್ದೇವೆ.)

2013ರಲ್ಲಿ ಇದಕ್ಕೊಂದು ಉಪಾಯ ಸಿಕ್ಕಿತು. ಕೋಶಗಳನ್ನು ದ್ರವದ ಹನಿಯಲ್ಲಿಟ್ಟು ಬಾವಲಿಗಳ ಹಾಗೆ ತಲೆಕೆಳಗಾಗಿ ನೇತುಹಾಕಿದರು. ಅವು ಉಂಡೆ ಕಟ್ಟಿಕೊಂಡವು, ಹಳೆಯ ಕೆಲಸ ಅಲ್ಪಸ್ವಲ್ಪ ನೆನಪಾಯಿತು. ಆ ಉಂಡೆಗಳನ್ನು, ಸುನ್ನತಿಯಲ್ಲಿ ಕತ್ತರಿಸಿ ತೆಗೆದ ಹಸುಗೂಸುಗಳ ಮುಂದೊಗಲಿನಲ್ಲಿಟ್ಟು ಇಲಿಯ ಬೆನ್ನಿಗೆ ಕಸಿ ಮಾಡಿದರು. 7 ಜನರ ಕೋಶಗಳಲ್ಲಿ 5 ಜನರದ್ದು ಕೂದಲು ಹುಟ್ಟಿಸಿತು. ಮುಂದೊಗಲೇ ಯಾಕೆ? ಅಲ್ಲಿ ಸ್ವಂತ ಕೂದಲಿರೋದಿಲ್ಲ, ಬಂದರೆ ಹೊಸದೇ ಅಂತ ಗೊತ್ತಾಗುತ್ತದೆ. ಈ ಅರ್ಹತೆ ನನ್ನ ನೆತ್ತಿಗೂ ಇತ್ತು. ಯಾರೂ ಕೇಳಲಿಲ್ಲ.

ಅದೇ ವರ್ಷ ಇನ್ನೊಂದೂ ನಡೆಯಿತು. ಕೂದಲಿನ ಕೋಶ ಬೆಳೆಸಲು ಸಂಶೋಧನಾ ಸಂಸ್ಥೆಯನ್ನೇ ಕಟ್ಟಿದ್ದ ಜಪಾನಿನ ಅಡೆರಾನ್ಸ್ ಕಂಪನಿ ಅದನ್ನು ಮುಚ್ಚಿತು. ಅಡೆರಾನ್ಸ್‌ನ ಮೂಲ ವ್ಯಾಪಾರ ವಿಗ್. ಅದು ಮುಂದುವರಿಯಿತು.

ವಿಜ್ಞಾನಿಗಳ ಮೇಲೆ ನನಗೆ ಸಿಟ್ಟಿಲ್ಲ, ಅವರು ಇಲಿ ಅಂದರೆ ಇಲಿ ಅಂತಲೇ ಬರೆಯುತ್ತಾರೆ. ತಲೆಬರಹಕ್ಕೆ ಬರುವಾಗ ಇಲಿ ಬಿಟ್ಟುಹೋಗುತ್ತದೆ. ಆಮೇಲೆ ಅಂಗಡಿಯವರು ಬರುತ್ತಾರೆ. ಕೂಸು ಹುಟ್ಟುವ ಮೊದಲೇ ಕುಲಾವಿ ಅನ್ನೋದು ಹಳೇ ಮಾತು. ಈಗ ಕೂದಲು ಹುಟ್ಟುವ ಮೊದಲೇ ಶಾಂಪೂ. ಸೇಬಿನ ಸ್ಟೆಮ್ ಸೆಲ್, ಅಂದರೆ ಹೊಸ ಕೋಶ ಹುಟ್ಟಿಸುವ ಮೂಲಕೋಶ, ಇದೆಯಂತೆ ಅದರಲ್ಲಿ. ಅದು ನಿಜಕ್ಕೂ ಕೆಲಸ ಮಾಡಿದರೆ ತಲೆ ಮೇಲೆ ಬಿಡಬೇಕಾದದ್ದು ಸೇಬು.

ನಿನ್ನೆ ಟಿವಿಯಲ್ಲಿ ಮತ್ತೆ ಬಂತು. ಹೊಸ ಇಲಿ, ಹಳೇ 5 ವರ್ಷ. ವಾರ್ತೆ ಓದುತ್ತಿದ್ದವರನ್ನು ಎಲ್ಲೋ ನೋಡಿದ ಹಾಗಿತ್ತು. ಹೌದು, ಹಿಂದೊಮ್ಮೆ ಇದೇ ಸುದ್ದಿ ಓದಿದ್ದು ಇವರೇ. ಆಗ ದಟ್ಟ ಕೂದಲಿತ್ತು. ಈಗ ಬಲಗಿವಿಯ ಪಕ್ಕದಿಂದ ಎಡಗಿವಿಯವರೆಗೆ ಎಳೆದು ಬಾಚಿದ್ದರು.