ಸತ್ಯಾಂಶ: ಯೂಟ್ಯೂಬ್ ವೀಕ್ಷಣೆಯೊಂದರಿಂದಲೇ ಸುದ್ದಿವಾಹಿನಿ ನಡೆಯುವುದೇ?

'ಒಂದು ವೀಕ್ಷಣೆಗೆ ಒಂದು ರೂಪಾಯಿ ಬರುತ್ತದೆ, ಆದ್ದರಿಂದ ಸ್ವತಂತ್ರ ಸುದ್ದಿವಾಹಿನಿಗಳಿಗೆ ಜನರು ಹಣ ಕೊಡಬೇಕಿಲ್ಲ' ಎಂಬ ಸಂದೇಶವೊಂದು ಹಾಸನ, ಸಕಲೇಶಪುರದ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಯೂಟ್ಯೂಬ್ ವೀಕ್ಷಣೆಗೆ ನಿಗದಿತ ದರವನ್ನು ಕೊಡುವುದಿಲ್ಲ. ಜಾಹೀರಾತಿನಿಂದ ಬಂದ ಹಣದಲ್ಲಿ ಪಾಲು ಕೊಡುತ್ತದೆ. ಆ ಪಾಲಿಗೆ ಅರ್ಹವಾಗಲು ವಾಹಿನಿಗೆ 1,000 ಚಂದಾದಾರರಿರಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ಸಾರ್ವಜನಿಕ ವೀಕ್ಷಣೆ ಅಥವಾ 90 ದಿನಗಳಲ್ಲಿ 1 ಕೋಟಿ ಶಾರ್ಟ್ಸ್ (ಕಿರು ವಿಡಿಯೊ) ವೀಕ್ಷಣೆ ದಾಖಲಾಗಿರಬೇಕು. ಅರ್ಹತೆ ದೊರೆತ ಬಳಿಕವೂ ದೀರ್ಘ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ವಾಹಿನಿಗೆ ಸಲ್ಲುವುದು ಶೇ 55ರಷ್ಟು ಮಾತ್ರ. ಇನ್ನೊಂದು ತೊಡಕನ್ನು ಸಂದೇಶ ಬರೆದವರು ಗಮನಿಸಿದಂತಿಲ್ಲ: ಸಾವು, ಹಿಂಸೆಯ ದೃಶ್ಯಗಳಿರುವ ವಿಡಿಯೊಗಳಿಗೆ ಜಾಹೀರಾತು ಸೀಮಿತಗೊಳ್ಳಬಹುದಾದ್ದರಿಂದ, ಕಾಡಾನೆ ದಾಳಿಯಂತಹ, ಮಲೆನಾಡಿಗರಿಗೆ ಅತ್ಯಗತ್ಯವಾದ ವರದಿಗೇ ಕಡಿಮೆ ಹಣ ಬರುವ ಸಂಭವವಿದೆ.

ಕಾಫಿ ಬೆಲೆ ಕುಸಿದ ವರ್ಷ ನೆರಳುಮರಕ್ಕೆ ಹಬ್ಬಿಸಿದ ಕಾಳುಮೆಣಸು ಬೆಳೆಗಾರರ ಕೈಹಿಡಿಯುವುದನ್ನು ನಾವು ಕಂಡಿದ್ದೇವೆ. ಮಾಧ್ಯಮದ ಲೆಕ್ಕಾಚಾರವೂ ಬಹುಮಟ್ಟಿಗೆ ಹಾಗೆಯೇ ಇದೆ. ಬ್ರಿಟನ್ನಿನ 'ದಿ ಗಾರ್ಡಿಯನ್' ತನ್ನ ಜಾಲತಾಣದ ಸುದ್ದಿಗಳನ್ನು ಎಲ್ಲರಿಗೂ ತೆರೆದಿಟ್ಟುಕೊಂಡೇ ಓದುಗರ ಸ್ವಯಂಪ್ರೇರಿತ ನೆರವನ್ನು ಪಡೆಯುತ್ತದೆ. ತಾಲ್ಲೂಕು ಮಟ್ಟದ ವಾಹಿನಿಯೊಂದು ಸದಸ್ಯತ್ವ, ಸ್ಥಳೀಯ ಅಂಗಡಿಗಳ ಜಾಹೀರಾತು, ಯುಪಿಐ ಮೂಲಕ ಬರುವ ಸಣ್ಣ ದೇಣಿಗೆಗಳನ್ನು ಜೊತೆಗೂಡಿಸಿಕೊಳ್ಳಬಹುದು. ಆದರೆ ಜಾಹೀರಾತನ್ನು ಸುದ್ದಿಯ ವೇಷದಲ್ಲಿ ತೋರಿಸದೆ, ಜಾಹೀರಾತು ಎಂದೇ ಸ್ಪಷ್ಟವಾಗಿ ನಮೂದಿಸಬೇಕು.