ಇಲ್ಲದ ಅಂಗಡಿಯ ಹೆಸರಲ್ಲಿ ಹೋಲ್‌ಸೇಲ್ ರೇಟು

ಬಳ್ಳಾರಿಗೆ ಬಂದ ನೆಂಟರು ಜೀನ್ಸ್ ಕೊಳ್ಳದೆ ಹೋಗುವುದಿಲ್ಲ. ಕೊಳ್ಳಲಿ, ಸಂತೋಷವೇ. ಆದರೆ ಹೋಲ್‌ಸೇಲ್ ಅಂಗಡಿಗೆ ಹೋಗಿ, ‘ಸಿಂಧನೂರಾಗ ನಮ್ದೂ ಬಟ್ಟೆ ಅಂಗಡಿ ಐತ್ರಿ’ ಅಂತ ಸುಳ್ಳು ಹೇಳುತ್ತಾರಲ್ಲ, ಅದು ನನಗೆ ಆಗುವುದಿಲ್ಲ. ಕೊಳ್ಳುವುದು ಎರಡೇ ಪ್ಯಾಂಟು!

ಹೋಲ್‌ಸೇಲ್ ರೇಟು ಯಾಕೆ ಕಡಿಮೆ? ವ್ಯಾಪಾರಿಗಳು ಎಲ್ಲ ಸೈಜೂ ಸೇರಿಸಿ ಸೆಟ್ಟುಗಟ್ಟಲೆ ಒಯ್ಯುತ್ತಾರೆ ಅಂತ. ಇವರು ಸೆಟ್ ಒಡೆದು 32, 34ರದ್ದು ಒಂದೊಂದು ಎತ್ತಿಕೊಂಡರೆ ಉಳಿದದ್ದನ್ನು ಯಾರು ಒಯ್ಯಬೇಕು? ಇಲ್ಲಿ ಜೀನ್ಸ್ ಹೊಲಿಯುವುದು ಎಲ್ಲವೂ ದೊಡ್ಡ ಕಂಪನಿಗಳಲ್ಲ. ಸಣ್ಣ ಜಾಗದಲ್ಲಿ ಮಷಿನ್ ಇಟ್ಟುಕೊಂಡು, ಪೀಸಿಗೆ ಇಷ್ಟು ಅಂತ ಹೊಲಿಯುವವರು ಎಷ್ಟೋ ಜನ. ದಾರ ಕತ್ತರಿಸುವವರು, ಗುಂಡಿ ಹಾಕುವವರು ಬೇರೆ. ಅಂಗಡಿಗೆ ಬಿದ್ದ ಏಟು ಅವರ ತನಕ ಹೋಗುತ್ತದೆ, ಅಲ್ವಾ?

ಹೋದ ವಾರ ಮಾವನ ಜೊತೆ ಹೋಗಿದ್ದೆ. ಅಂಗಡಿಯವರು ಜಿಎಸ್‌ಟಿ ನಂಬರ್ ಕೇಳಿದರು. ಮಾವ ಸುಮ್ನೆ ಮೊಬೈಲ್ ತಡಕಾಡಿ, ‘ಹುಡುಗನ್ನ ಕೇಳಿ ಹೇಳ್ತೀನಿ’ ಅಂದರು. ಪಾಪ, ಅಂಗಡಿಯವರು ನಂಬಿ ಹೋಲ್‌ಸೇಲ್ ರೇಟಿಗೇ ಕೊಟ್ಟರು. ನನಗೆ ತಲೆ ಎತ್ತಲಾಗಲಿಲ್ಲ.

‘ಹಂಗ್ಯಾಕ ಅಂದ್ರಿ ಮಾವ?’ ಅಂತ ಕೇಳಿದರೆ, ‘ಇದ್ರಾಗ ಯಾರಿಗೇನ್ ನಷ್ಟ?’ ಅಂದರು. ಚೌಕಾಸಿ ಅರ್ಧ ಗಂಟೆ ಮಾಡಲಿ, ನಾನೂ ಜೊತೆಗೆ ನಿಲ್ಲುತ್ತೇನೆ. ಈ ಸುಳ್ಳಿಗೆ ಮಾತ್ರ ಇನ್ನೊಮ್ಮೆ ನಿಲ್ಲುವುದಿಲ್ಲ.